ಪರಮಪ್ರಸಾದದ ಸಾಲು

ಧ್ಯಾನಕೂಟಕ್ಕೆ ಹೋದ ಗಂಡ ಹೊಸ ಮನುಷ್ಯನಾಗಿ ಬಂದಿದ್ದಾನೆಂದು ಸೆವ್ರಿನ್ ವಾರವಿಡೀ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಭಾನುವಾರದ ಮೊದಲ ಪೂಜೆಯಲ್ಲಿ ಅದೇ ಗಂಡ ಪರಮಪ್ರಸಾದದ ಸಾಲಿನಲ್ಲಿ ಪಾದ್ರಿಯ ಎದುರಿನವರೆಗೆ ಹೋದವನು, ಕೈ ಚಾಚದೆ ತಿರುಗಿ, ಇಗರ್ಜಿಯಿಂದ ಹೊರಗೆ ನಡೆದುಬಿಟ್ಟ.

ಪಕ್ಕದ ಹೆಂಗಸು ಅವಳ ಕಿವಿಯತ್ತ ಬಾಗಿದಳು. "ಎಂಥ ಆಯ್ತು ನಿಮ್ಮವರಿಗೆ? ಪ್ರಸಾದ ತಕೊಳ್ಳಲಿಕ್ಕೆ ಆಗದಂಥ ಪಾಪ ಎಂಥದ್ದು?"

"ತಲೆ ತಿರುಗಿರಬೇಕು," ಎಂದಳು ಸೆವ್ರಿನ್. ಆಮೇಲೆ ಮುಳ್ಳಿನ ಮೇಲೆ ಕೂತಂತಾಯಿತು. ಕೊನೆಯ ಗೀತೆಗೂ ನಿಲ್ಲದೆ ಮನೆಗೆ ಧಾವಿಸಿ, ಅಂಗಳದಿಂದಲೇ ಬಾಯಿ ತೆಗೆದಳು.

"ಊರೆದುರು ನನ್ನ ಮಾನ ತೆಗೆದ್ರಲ್ಲ. ಮೂರು ದಿನ ಧ್ಯಾನ ಮಾಡಿದ್ದು ಇದಕ್ಕಾ?"

ಹಿತ್ತಲಿನಲ್ಲಿ ಏನೋ ಕೀಳುವ ಸದ್ದು. ಹೋಗಿ ನೋಡಿದರೆ ಗಂಡ, ಪಕ್ಕದಲ್ಲೇ ಇರುವ ತನ್ನ ತಮ್ಮನ ಮನೆಯವರು ಬಾವಿಗೆ ಬಾರದಂತೆ ಆರು ವರ್ಷಗಳ ಹಿಂದೆ ತಾನೇ ಹಾಕಿದ್ದ ಮುಳ್ಳುತಂತಿಯ ಬೇಲಿಯನ್ನು ಕಿತ್ತು ಸುರುಳಿ ಸುತ್ತುತ್ತಿದ್ದ. ಪೂಜೆಯ ಬಿಳಿ ಅಂಗಿಯ ತೋಳು ಹರಿದಿತ್ತು.

"ಈ ತುದಿ ಸ್ವಲ್ಪ ಹಿಡಿ," ಎಂದ ತಲೆಯೆತ್ತದೆ. "ತಮ್ಮನೂ ಬರ್ತಾನೆ, ಅಂಗಿ ಹಾಕ್ಲಿಕ್ಕೆ ಹೋಗಿದ್ದಾನೆ. ಎರಡನೇ ಪೂಜೆಗೆ ಇಬ್ರಿಗೂ ಹೋಗ್ಲಿಕ್ಕುಂಟು."