ನೀಲಿಯ ಅಡಿಯ ಹೆಸರು

ದೂರದ ಪರವೂರೊಂದರ ಬಂದರಿನಲ್ಲಿ ದಡಕ್ಕೆಳೆದಿದ್ದ ಹಳೆಯ ಕಬ್ಬಿಣದ ಬೋಟಿನ ಪಕ್ಕ ಉಮಾಕಾಂತ ತನ್ನ ಪಿಕಪ್ ನಿಲ್ಲಿಸಿ, ಪಿಕಪ್ಪಿನ ಮೇಲಿದ್ದ ತುಕ್ಕು ತೆಗೆಯುವ ಯಂತ್ರ ಚಾಲೂ ಮಾಡಿದ. ನೀರು ಬೆರೆತ ಮರಳು ಪೈಪಿನಿಂದ ರಭಸವಾಗಿ ಚಿಮ್ಮಿ ತುಕ್ಕನ್ನೂ ನೀಲಿ ಬಣ್ಣವನ್ನೂ ಕಿತ್ತುಹಾಕತೊಡಗಿತು. ನೀಲಿಯ ಅಡಿಯಿಂದ ಬಿಳಿ ಅಕ್ಷರಗಳು ಕಾಣಿಸಿದವು: ಗಂಗಾಮಾತಾ.

ಆ ಅಕ್ಷರಗಳನ್ನು ಬರೆದವನು ಉಮಾಕಾಂತನೇ. ಆರು ವರ್ಷದ ಹಿಂದೆ ಅಣ್ಣ ದಾಮೋದರ ಒಬ್ಬನೇ ಕಡಲಿಗೆ ಒಯ್ದ ಬೋಟು ಅದು. ಅಣ್ಣ ಮರಳಲಿಲ್ಲ, ಬೋಟೂ ಸಿಗಲಿಲ್ಲ. ಹುಡುಕಿ ಸಾಕಾಗಿ ಕೊನೆಗೆ ಅತ್ತಿಗೆಯ ಬಳೆ ತೆಗೆಸಿದ್ದರು; ಮನೆಯಲ್ಲಿ ಅವಳ ಕೈ ಇಂದಿಗೂ ಬೋಳು.

ಯಂತ್ರ ನಿಲ್ಲಿಸಿ ತಿರುಗಿದರೆ, ಬೋಟಿನ ಮಾಲೀಕ ಬೆನ್ನ ಹಿಂದೆಯೇ ನಿಂತಿದ್ದ. ಸುತ್ತ ಮತ್ತೊಂದು ಜೀವ ಇರಲಿಲ್ಲ.

"ಎಂತಕ್ಕೆ ನಿಲ್ಸಿದ್ಯೋ?"

"ಇದು... ಯಾರ ಬೋಟು?"

"ನಂದೇ. ಎಂತಕ್ಕೆ ಕೇಳ್ತೆ?"

ಉಮಾಕಾಂತ ಹಿಂದೆ ಸರಿದ. ಬೆನ್ನು ಒದ್ದೆ ಕಬ್ಬಿಣಕ್ಕೆ ತಾಗಿತು.

"ನನ್ನ ಅಣ್ಣನ್ನ ಎಂತ ಮಾಡಿದ್ರಿ?"

ಮಾಲೀಕ ಅವನ ಮುಖವನ್ನೇ ದಿಟ್ಟಿಸಿದ.

"ನೀ ದಾಮೋದರನ ತಮ್ಮನಾ?"

"ಹೌದು. ಅಂವನ್ನ ಎಂತ ಮಾಡಿದ್ರಿ?"

"ನಾ ಎಂತ ಮಾಡ್ಲೋ ಮಾರಾಯಾ! ಹೋದ ತಿಂಗಳು ಅಂವನೇ ಬಂದು ಈ ಬೋಟು ಮಾರಿ ಹೋದ. ಹೆಂಡ್ತಿ, ಎರಡು ಮಕ್ಕಳು, ಎಲ್ಲಾ ಒಟ್ಟಿಗೆ ಬಂದಿದ್ರು."