ರುಮಾಲಿನ ಅಳತೆಗೆ ಕಟ್ಟಿದ ಕಮಾನು

ಈಗಲೂ ಎಲ್ಲಾದರೂ ಹಸಿ ಬಿದಿರು ಸೀಳಿದ ವಾಸನೆ ಬಂದರೆ, ನಿಜಾಮರ ಕಾಲದ ಗಾಜಿಪುರದ ನಮ್ಮ ಅಂಗಳ ಕಣ್ಣೆದುರು ನಿಲ್ಲುತ್ತದೆ.

ಕಮಲಾಪುರದಲ್ಲಿ ಸೋದರತ್ತೆಯ ಹೊಸ ಮನೆಯ ಪ್ರವೇಶವಿತ್ತು. ದಾರಿಯಲ್ಲಿ ಒಂದು ರಾತ್ರಿ ಬಂಡಿಯೊಳಗೇ ಮಲಗಬೇಕಾದ್ದರಿಂದ ಅಜ್ಜ ತಾವೇ ಅದಕ್ಕೆ ಚಾವಣಿ ಕಟ್ಟಲು ಕೂತರು. ಬಿದಿರಿನ ದಬ್ಬೆಗಳನ್ನು ಕಮಾನಿನಂತೆ ಬಗ್ಗಿಸಿ, ಎರಡೂ ಬದಿಗೆ ಹುರಿಯಿಂದ ಬಿಗಿದರು. ಎತ್ತರಕ್ಕೆ ಅಳತೆಗೋಲು ಅವರ ತಲೆಯ ಮೇಲಿನ ರುಮಾಲು. ಬೀಗರ ಊರಿನ ದಾರಿಯಲ್ಲಿ ಅದನ್ನು ತೆಗೆದು ಕೂರುವುದೆಂದರೆ ಅವರಿಗೆ ರಾಜ್ಯ ಬಿಟ್ಟುಕೊಟ್ಟಂತೆ.

ಎತ್ತು ಹೂಡಿದ ಮೇಲೆ ತಿಳಿಯಿತು, ಕಮಾನು ಅಂಗಳದ ದರವಾಜಕ್ಕಿಂತ ಗೇಣುದ್ದ ಎತ್ತರವಾಗಿತ್ತು.

"ಕಮಾನ ಕೊಯ್ಯೋಣೇನ್ರಿ?" ಎಂದರು ಅಜ್ಜಿ.

"ಕೊಯ್ದ್ರ ನಾ ಬರಂಗಿಲ್ಲ!" ಎಂದರು ಅಜ್ಜ.

ಮಗಳ ಮನೆ ನೋಡಲು ವಾರದಿಂದ ಹಂಬಲಿಸುತ್ತಿದ್ದ ಅಜ್ಜಿ ದರವಾಜವನ್ನು ನೋಡಿದರು, ಆಮೇಲೆ ನಮ್ಮನ್ನು ನೋಡಿದರು. "ಏ ಮಕ್ಕಳಾ, ಬಂಡಿ ಹತ್ರಿ. ಎಲ್ಲಾರೂ ಕಮಾನಿಗೆ ಜೋತುಬೀಳ್ರಿ!"

ಮೊಮ್ಮಕ್ಕಳ ಸೈನ್ಯವೆಲ್ಲ ಬಾವಲಿಗಳಂತೆ ಜೋತುಬಿದ್ದಿತು. ಬಿದಿರು ಕಿರುಗುಟ್ಟುತ್ತ ಬಾಗಿತು, ಬಂಡಿ ದರವಾಜ ದಾಟಿತು. "ಬಿಡ್ರಿ!" ಎಂದು ಅಜ್ಜಿ ಕೂಗಿದ್ದೇ ತಡ, ಕಮಾನುಗಳು ಚಂಗನೆ ಮೇಲೆದ್ದವು. ಓಣಿಯ ಜನರೆಲ್ಲ ಚಪ್ಪಾಳೆ ತಟ್ಟಿದರು.

ಅಜ್ಜ ಗಂಭೀರವಾಗಿ ಹತ್ತಿ ಕೂತರು. "ನೋಡಿದೇನು? ನನ್ನ ಅಳತಿ ಎಂದೂ ತಪ್ಪಂಗಿಲ್ಲ."

"ಖರೇನ್ರಿ," ಎಂದರು ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತ. "ನಿಮ್ಮಪ್ಪಾರು ಕಟ್ಟಿಸಿದ ದರವಾಜಾನೇ ಗಿಡ್ಡ ಅದ."