ಮೂರನೆಯ ಸುರುಳಿ

ಮೋಟಾರ್ ರಿಪೇರಿ ತನ್ನೊಂದಿಗೇ ಮುಗಿಯುತ್ತದೆ, ಈ ಮಗು ಕರೆಂಟಿನ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದು ಮಗಳು ಹುಟ್ಟಿದ ದಿನವೇ ಪಿಚ್ಚೈ ತನ್ನ ತಾಯಿ ಅಳಗಮ್ಮಾಳ್‌ಗೆ ಮಾತು ಕೊಟ್ಟಿದ್ದ. ಅವಳ ಗಂಡ, ಅಂದರೆ ಪಿಚ್ಚೈಯ ಅಪ್ಪ, ಶಾಕ್ ಹೊಡೆದೇ ಸತ್ತಿದ್ದ.

ಈಗ ಕಾಮಯಗೌಂಡನ್‌ಪಟ್ಟಿಯ ದ್ರಾಕ್ಷಿ ತೋಟದ ಮೋಟಾರೊಂದನ್ನು ಮೂಸಿ, "ಸುಟ್ಟ ವಾಸನೆ ಇಲ್ಲ. ಬೇರಿಂಗೇ ಹೋಗೈತೆ" ಎಂದ. ಅಂಗಡಿಯ ಹೊಸ್ತಿಲಾಚೆ ಹೈಸ್ಕೂಲಿನ ನೋಟ್‌ಬುಕ್ ಹಿಡಿದು ಕೂತಿದ್ದ ಮಗಳು ಯುವಶ್ರೀ ಅಳೆದು ನೋಡೆಂದು ಹಟ ಹಿಡಿದಳೆಂದು ಮೋಟಾರಿನ ಮೂರು ತಂತಿ ಸುರುಳಿಗಳಿಗೂ ಒಂದೊಂದಾಗಿ ಹನ್ನೆರಡು ವೋಲ್ಟಿನ ಬ್ಯಾಟರಿ ಹಚ್ಚಿ, ಮೀಟರನ್ನು ಗಟ್ಟಿಯಾಗಿ ಓದಿದ. ಎರಡು ಸುರುಳಿಗಳಲ್ಲಿ ಎರಡೆರಡು ಆಂಪಿಯರ್, ಮೂರನೆಯದರಲ್ಲಿ ಮೂರು.

"ಅಪ್ಪಾ, ಅವೆರಡಕ್ಕೂ ಆರು ಓಮ್ ತಡೆ, ಇದಕ್ಕೆ ನಾಲ್ಕೇ. ಅವು ಇಪ್ಪತ್ನಾಲ್ಕು ವ್ಯಾಟ್ ತಿಂದ್ರೆ ಇದು ಮೂವತ್ತಾರು ತಿಂತದೆ. ಇದ್ರೊಳಗೆ ತಂತಿಗೆ ತಂತಿ ತಾಗೈತೆ."

"ನನ್ನ ಮೂಗಿಗೆ ತಿಳೀದ್ದು ನಿನ್ನ ನೋಟ್‌ಬುಕ್ಕಿಗೆ ತಿಳೀತಾ, ಮಗಳೇ?"

ಆದರೂ ಬಿಚ್ಚಿದ. ಮೂರನೆಯ ಸುರುಳಿಯ ಅಡಿಯಲ್ಲಿ ಎಳ್ಳಿನಷ್ಟು ಜಾಗದಲ್ಲಿ ತಂತಿಯ ಹೊದಿಕೆ ಕರಗಿ ಕಪ್ಪಾಗಿತ್ತು. ಪಿಚ್ಚೈ ಬಗ್ಗಿ ಅದನ್ನೇ ನೋಡಿದ. ಮೂವತ್ತು ವರ್ಷ ಅವನು ಮುಟ್ಟಿ, ಮೂಸಿ ಹುಡುಕುತ್ತಿದ್ದುದನ್ನು ಈ ಹುಡುಗಿ ಎದ್ದೇಳದೆ, ಎರಡು ಭಾಗಾಕಾರ ಮಾಡಿ, ಕಬ್ಬಿಣದೊಳಗೆ ಕಂಡುಬಿಟ್ಟಿದ್ದಳು.

ಅವನು ಪಕ್ಕಕ್ಕೆ ಸರಿದು ಜಾಗ ಮಾಡಿದ. "ಒಳಗೆ ಬಾ, ತಾಯಿ. ಸುರುಳಿ ಸುತ್ತೋದು ಕಲಿಸ್ತೀನಿ."

ಅಳಗಮ್ಮಾಳ್‌ಗೆ ಕೊಟ್ಟ ಮಾತನ್ನು ಪಿಚ್ಚೈ ಮುರಿದ.